ಮುಟ್ಟಿನ ಏರುಪೇರಿಗೆ ಊಟದ ಲೆಕ್ಕಾಚಾರ

ಕಾಲೇಜಿಗೆ ಹೋಗುವ ನನ್ನ ಮಗಳಿಗೆ ಪಿಸಿಒಎಸ್ ಅಂತ ಡಾಕ್ಟರರು ಹೇಳಿ ಒಂದೂವರೆ ವರ್ಷ ಆಯಿತು. ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ, ಗಲ್ಲದಲ್ಲಿ ಕೂದಲು, ಕುತ್ತಿಗೆಯ ಹಿಂದೆ ಕಪ್ಪು. ಇದನ್ನೆಲ್ಲ ಕೃಷಿ ಪತ್ರಿಕೆಯಲ್ಲಿ ಬರೆಯುವುದೇ ಅಂತ ನೀವು ಕೇಳಬಹುದು. ನೂರು ಹೆಂಗಸರಲ್ಲಿ ಸುಮಾರು ಹತ್ತು ಮಂದಿಗೆ ಇರುವ ತೊಂದರೆ ಇದು. ಮದುವೆ ಮಾತಿಗೆ ಅಡ್ಡಿಯಾದೀತೆಂದು ಮನೆಯವರು ಮುಚ್ಚಿಡುತ್ತಾರೆ. ಉಪಚಾರದ ದೊಡ್ಡ ಪಾಲು ನಮ್ಮ ಹಿತ್ತಿಲಲ್ಲೇ ಉಂಟು. ಮಗಳು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಸ್ಕ್ಯಾನಿಂಗ್‌ನಲ್ಲಿ ಕಾಣುವ 'ಗುಳ್ಳೆ'ಗಳು ಗಡ್ಡೆಯಲ್ಲ. ಪೂರ್ತಿ ಬಲಿಯದೆ ಅರ್ಧಕ್ಕೇ ನಿಂತ ಅಂಡದ ಕೋಶಗಳು ಅವು. ಕಾರಣ ಒಂದೇ ಅಲ್ಲ, ವಂಶದ ಪಾಲೂ ಇದೆ. ಆದರೆ ಹೆಚ್ಚಿನವರಲ್ಲಿ ಶರೀರ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ರಕ್ತದ ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸಲು ಇನ್ನಷ್ಟು ಇನ್ಸುಲಿನ್ ಬೇಕಾಗುತ್ತದೆ. ಹಾಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಅಂಡ ಬಲಿಯುವುದಿಲ್ಲ, ಮುಟ್ಟು ಮುಂದೆ ಹೋಗುತ್ತದೆ. ಊಟದ ಮಾತು ಬರುವುದು ಇಲ್ಲೇ.

ಮಗಳು ಮೊದಲ ತಿಂಗಳು ಅನ್ನವನ್ನೇ ಬಿಟ್ಟಳು. ಬೆಳಗ್ಗೆ ಬರೀ ಹೊಟ್ಟೆ, ಸಂಜೆ ಕಾಲೇಜಿನಿಂದ ಬರುವಾಗ ತಡೆಯಲಾಗದ ಹಸಿವು, ಬೇಕರಿಯ ಪಫ್ಸು. ಮುಖ ಬಾಡಿತೇ ಹೊರತು ತೂಕ ಇಳಿಯಲಿಲ್ಲ. ಪಥ್ಯವೆಂದರೆ ಉಪವಾಸವಲ್ಲ ಅಂತ ಡಾಕ್ಟರರು ತಿಳಿಸಿ ಹೇಳಬೇಕಾಯಿತು. ಇದಕ್ಕೆಂದೇ ವಿಶೇಷ ಪಥ್ಯ ಯಾವುದೂ ಇಲ್ಲ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಒಂದು ಪಥ್ಯ ಇನ್ನೊಂದಕ್ಕಿಂತ ಮೇಲು ಅನ್ನುವುದಿಲ್ಲ. ಬಹಳ ಕಾಲ ನಡೆಸಿಕೊಂಡು ಹೋಗಲು ಆಗುವಂಥದ್ದೇ ಒಳ್ಳೆಯದು.

ಸಕ್ಕರೆ ಡಬ್ಬಿ

ಮೊದಲು ಚಾದ ಲೆಕ್ಕ ಹಾಕಿದೆವು. ದಿನಕ್ಕೆ ಐದು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ! ಒಬ್ಬಳಿಗೇ ಮಾರಾಯ್ರೆ. ಎರಡು ಚಾಕ್ಕೆ ಇಳಿಸಿ, ಅರ್ಧ ಚಮಚಕ್ಕೆ ನಿಲ್ಲಿಸಿದೆವು. ಬೆಲ್ಲವಾದರೆ ಆಗಬಹುದಲ್ಲ ಅಂತ ಅತ್ತೆ ಕೇಳಿದರು. ಬೆಲ್ಲದಲ್ಲೂ ಹೆಚ್ಚಿನ ಭಾಗ ಸಕ್ಕರೆಯೇ. ಬೆಲ್ಲ ಹಾಕಿದ ರಾಗಿ ಮಾಲ್ಟೂ ಅಷ್ಟೆ, ಹೆಸರು ಮಾತ್ರ ಆರೋಗ್ಯದ್ದು.

ಬಟ್ಟಲಿನಲ್ಲಿ ಏನು?

ಅನ್ನ ಬಿಡಲಿಲ್ಲ. ಕುಚ್ಚಲಕ್ಕಿಯದೇ, ಮೊದಲಿನ ಅರ್ಧದಷ್ಟು. ಬಟ್ಟಲಿನ ಅರ್ಧ ಭಾಗ ಬಸಳೆ, ಹರಿವೆ, ತೊಂಡೆ, ಅಲಸಂಡೆ, ಬಾಳೆದಿಂಡು - ಆಯಾ ಕಾಲಕ್ಕೆ ತೋಟದಲ್ಲಿ ಏನಿದೆಯೋ ಅದು. ಉಳಿದ ಕಾಲು ಭಾಗ ಬೇಳೆಕಾಳು. ಮೀನು, ಮೊಟ್ಟೆ ತಿನ್ನುವವರಿಗೆ ಅದೂ ಆಗುತ್ತದೆ.

ಹುರುಳಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮಲ್ಲಿ ಹುರುಳಿ ಬೇಯಿಸಿದರೆ ನೀರು ಸಾರಿಗೆ, ಕಾಳು ಹಸುವಿಗೆ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಉಂಟು, ಅದರ ಮುಖ್ಯ ಪಾಲು ಇರುವುದು ಕಾಳಿನಲ್ಲಿ. ನಾರೂ ಅಲ್ಲೇ. ಈಗ ಒಂದು ಸೌಟು ಕಾಳು ಮಗಳ ಬಟ್ಟಲಿಗೆ ಬರುತ್ತದೆ, ಪಲ್ಯವಾಗಿಯೋ ಚಟ್ನಿಯಾಗಿಯೋ. (ಹಸುವಿನ ಹಾಲೇನೂ ಕಡಿಮೆಯಾಗಿಲ್ಲ!) ನೀರುದೋಸೆಗೆ ಬೆಲ್ಲ-ಕಾಯಿತುರಿಯ ಬದಲು ಹೆಸರುಕಾಳಿನ ಗಸಿ, ದೋಸೆ ಐದರಿಂದ ಮೂರಕ್ಕೆ ಇಳಿದರೂ ಮಧ್ಯಾಹ್ನದವರೆಗೆ ಹಸಿವಿಲ್ಲ. ಕಾಳು ಮತ್ತು ನಾರು ಜೊತೆಗಿದ್ದರೆ ಅಕ್ಕಿಯ ಸಕ್ಕರೆ ರಕ್ತಕ್ಕೆ ನಿಧಾನ ಸೇರುತ್ತದೆ. ಹಣ್ಣು ಇಡಿಯಾಗಿ ತಿನ್ನಬಹುದು, ಜ್ಯೂಸು ಬೇಡ.

ನಡಿಗೆಯೂ ಬೇಕು, ವಾರಕ್ಕೆ ಕಡಿಮೆಯೆಂದರೆ 150 ನಿಮಿಷ. ಬಸ್ಸಿಗೆ ಒಂದು ಸ್ಟಾಪು ಮುಂಚೆ ಇಳಿಯುವುದರಿಂದ ಶುರು ಮಾಡಿದಳು.

ಆರು ತಿಂಗಳಲ್ಲಿ ತೂಕ 64ರಿಂದ 60 ಕಿಲೋಗೆ ಬಂತು. ದಪ್ಪ ಇರುವವರಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದರೂ ಎಷ್ಟೋ ಮಂದಿಗೆ ಮುಟ್ಟು ಸುಧಾರಿಸುತ್ತದಂತೆ. ಮಗಳಿಗೆ ಈಗ 40 - 45 ದಿನಕ್ಕೊಮ್ಮೆ ಆಗುತ್ತಿದೆ. ಎಲ್ಲ ಊಟದಿಂದಲೇ ಅಂತ ನಾನು ಹೇಳಲಾರೆ, ಡಾಕ್ಟರರ ಮಾತ್ರೆಯೂ ನಡೆಯುತ್ತಿದೆ. ಗಲ್ಲದ ಕೂದಲಿನಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಸಪೂರ ಇರುವ ಹುಡುಗಿಯರಿಗೂ ಈ ತೊಂದರೆ ಬರುತ್ತದೆ, ಅವರು ತೂಕ ಇಳಿಸಲು ಹೊರಡಬಾರದು. ಬಟ್ಟಲಿನ ಹಂಚಿಕೆ ಬದಲಿಸಿದರೆ ಸಾಕು.

ಎರಡು ವಿಷಯಕ್ಕೆ ಅಡುಗೆಮನೆ ನಂಬಿ ಕೂರಬೇಡಿ. ಮೂರು ತಿಂಗಳು ದಾಟಿಯೂ ಮುಟ್ಟಾಗದಿದ್ದರೆ ಡಾಕ್ಟರರಿಗೆ ತೋರಿಸಬೇಕು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ ಮುಂದೆ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಮತ್ತೆ, ಇವರಿಗೆ ಸಣ್ಣ ಪ್ರಾಯದಲ್ಲೇ ಸಕ್ಕರೆ ಕಾಯಿಲೆ ಬರುವ ಸಂಭವ ಜಾಸ್ತಿ. ಒಂದರಿಂದ ಮೂರು ವರ್ಷಕ್ಕೊಮ್ಮೆ, ಮಗುವಿನ ಯೋಚನೆ ಇದ್ದರೆ ಅದಕ್ಕೂ ಮೊದಲು, ರಕ್ತದ ಸಕ್ಕರೆ ನೋಡಿಸಬೇಕು.