ಮರಳಿನ ನಾಡಿನ ಹಾದಿಗಳು

ಆಫ್ರಿಕಾ ಖಂಡದ ವಾಯವ್ಯ ಭಾಗದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮುಖಮಾಡಿರುವ ದೇಶ ಮಾರಿಟೇನಿಯ. ಅದರ ವಿಸ್ತೀರ್ಣ ಸುಮಾರು 10 ಲಕ್ಷ 30 ಸಾವಿರ ಚದರ ಕಿಲೋಮೀಟರು. ಅದರ ಬಹುಭಾಗವನ್ನು ಸಹರಾ ಮರುಭೂಮಿ ಆವರಿಸಿದೆ. ಇಂತಹ ನಾಡಿನಲ್ಲಿ ಹಾದಿಯೆಂಬುದು ಕೇವಲ ಒಂದು ಸೌಕರ್ಯವಲ್ಲ. ಅದು ಬದುಕಿನ ಆಧಾರ.

ಹಿಂದೆ ಈ ಮರಳನ್ನು ದಾಟಲು ಜನರಿಗಿದ್ದ ದೊಡ್ಡ ಆಸರೆ ಒಂಟೆ. ಉಪ್ಪು ಮುಂತಾದ ಸರಕುಗಳನ್ನು ಹೊತ್ತ ಒಂಟೆಗಳ ಸಾರ್ಥಗಳು ಬಾವಿಯಿಂದ ಬಾವಿಗೆ ಸಾಗುತ್ತಿದ್ದವು. ನೀರಿದ್ದ ಕಡೆಗೆ ದಾರಿ ಬಳಸಿಕೊಂಡು ಹೋಗುತ್ತಿತ್ತು. ಶಿಂಗೆಟ್ಟಿ, ವದಾನ್ ಮೊದಲಾದ ಪಟ್ಟಣಗಳು ಬೆಳೆದುದು ಈ ವರ್ತಕರ ತಂಗುದಾಣಗಳಾಗಿಯೇ. ಮೆಕ್ಕಾ ಯಾತ್ರಿಕರೂ ಶಿಂಗೆಟ್ಟಿಯಲ್ಲಿ ಒಟ್ಟುಗೂಡಿ ಮುಂದಿನ ಪಯಣಕ್ಕೆ ಅಣಿಯಾಗುತ್ತಿದ್ದರು.

ಇಂದು ದೂರದೇಶಗಳಿಂದ ಬರುವವರು ವಿಮಾನದಲ್ಲಿ ರಾಜಧಾನಿಯಾದ ನುವಾಕ್ಷೋಟ್ ನಗರವನ್ನು ತಲುಪಬಹುದು. ಅಲ್ಲಿನ ಹೊಸ ವಿಮಾನ ನಿಲ್ದಾಣ 2016ರಲ್ಲಿ ಆರಂಭವಾಯಿತು. ದಕ್ಷಿಣದ ನೆರೆನಾಡಿನವರು ರೊಸ್ಸೊ ಎಂಬಲ್ಲಿ ಸೆನೆಗಲ್ ನದಿಯನ್ನು ದಾಟಿ ಬರುವುದುಂಟು. ಉತ್ತರದಿಂದ ಬರುವವರಿಗೆ ಕಡಲತೀರದ ನುವಾದಿಬು ಪಟ್ಟಣದ ಮೂಲಕ ರಸ್ತೆಯಿದೆ. ಈ ಪಟ್ಟಣಕ್ಕೂ ರಾಜಧಾನಿಗೂ ನಡುವೆ ಸುಮಾರು 470 ಕಿಲೋಮೀಟರು ದೂರ. ಈ ಶತಮಾನದ ಆರಂಭದಲ್ಲಿಯೂ ಅಲ್ಲಿ ಪೂರ್ಣ ಡಾಂಬರು ರಸ್ತೆ ಇರಲಿಲ್ಲ. ಆಗ ಚಾಲಕರು ಸಮುದ್ರದ ಇಳಿತವನ್ನು ಕಾದು, ಒದ್ದೆಯಾಗಿ ಗಟ್ಟಿಗೊಂಡ ತೀರದ ಮರಳಿನ ಮೇಲೆಯೇ ವಾಹನವನ್ನು ಓಡಿಸುತ್ತಿದ್ದರು. ಭರತ ಬರುವ ಮೊದಲು ತೀರವನ್ನು ಬಿಡದಿದ್ದರೆ ವಾಹನ ಕಡಲಿನ ಪಾಲಾಗುವ ಅಪಾಯವಿತ್ತು.

ರಾಜಧಾನಿಯಿಂದ ಪೂರ್ವದ ನೇಮಾ ಪಟ್ಟಣದವರೆಗೆ ಸುಮಾರು 1,100 ಕಿಲೋಮೀಟರು ಉದ್ದದ ಹೆದ್ದಾರಿಯಿದೆ. ‘ಭರವಸೆಯ ಹಾದಿ’ ಎಂಬುದು ಅದರ ಹೆಸರು. ಆದರೆ ಮರುಭೂಮಿಯಲ್ಲಿ ರಸ್ತೆಯನ್ನು ಒಮ್ಮೆ ನಿರ್ಮಿಸಿದರೆ ಕೆಲಸ ಮುಗಿಯಲಿಲ್ಲ. ಗಾಳಿ ಬೀಸಿದಂತೆಲ್ಲ ಮರಳಿನ ದಿಬ್ಬಗಳು ಸರಿದು ಬಂದು ರಸ್ತೆಯನ್ನು ಮುಚ್ಚುತ್ತವೆ. ಜನರು ಅದನ್ನು ಮತ್ತೆ ಮತ್ತೆ ತೆರವುಗೊಳಿಸಬೇಕಾಗುತ್ತದೆ.

ಉತ್ತರದ ರೈಲುಮಾರ್ಗವಂತೂ ಜಗತ್ತಿನ ಸೋಜಿಗಗಳಲ್ಲೊಂದು. 1963ರಲ್ಲಿ ಆರಂಭವಾದ ಈ ಮಾರ್ಗ ಝುವೆರಾತ್ ಗಣಿಗಳಿಂದ ನುವಾದಿಬು ಬಂದರಿನವರೆಗೆ ಸುಮಾರು 700 ಕಿಲೋಮೀಟರು ಸಾಗುತ್ತದೆ. ಕಬ್ಬಿಣದ ಅದಿರನ್ನು ತುಂಬಿದ ಇನ್ನೂರಕ್ಕೂ ಹೆಚ್ಚು ಬಂಡಿಗಳ ಒಂದೊಂದು ರೈಲು ಎರಡೂವರೆ ಕಿಲೋಮೀಟರುಗಳಷ್ಟು ಉದ್ದವಿರುವುದುಂಟು. ದಶಕಗಳ ಕಾಲ ಬಡ ಪ್ರಯಾಣಿಕರು ಹಗಲಿನ ಬಿಸಿಲನ್ನೂ ಇರುಳಿನ ಚಳಿಯನ್ನೂ ಸಹಿಸಿ ಅದಿರಿನ ರಾಶಿಯ ಮೇಲೆಯೇ ಕುಳಿತು ಪಯಣಿಸಿದ್ದಾರೆ.

ಈ ರೈಲು ಅದಿರನ್ನಷ್ಟೇ ಹೊರುವುದಿಲ್ಲ. ಹಳಿಯ ಪಕ್ಕದ ಒಂಟಿ ನೆಲೆಗಳಿಗೆ ಕುಡಿಯುವ ನೀರನ್ನೂ ತರುತ್ತದೆ. ಒಂದು ಕಾಲದಲ್ಲಿ ಹಾದಿಯೇ ನೀರನ್ನು ಅರಸಿ ಹೋಗುತ್ತಿತ್ತು. ಇಂದು ಇಲ್ಲಿ ನೀರು ಹಾದಿಯನ್ನು ಹಿಡಿದು ಬರುತ್ತದೆ. ಆದುದರಿಂದ ಹಳಿಯ ಮೇಲಿನ ಮರಳನ್ನು ಸರಿಸುವ ಕೂಲಿಗಾರನು ಕೇವಲ ರೈಲಿಗೆ ದಾರಿ ಮಾಡಿಕೊಡುತ್ತಿಲ್ಲ. ದೂರದಲ್ಲಿ ಬರಿಗೊಡದೊಡನೆ ಕಾದಿರುವ ಮನೆಗಳಿಗೆ ನೀರನ್ನು ತಲುಪಿಸುತ್ತಿದ್ದಾನೆ.