ಸುಖನಿದ್ರೆಗೆ ಹಣ್ಣು, ಕಾಯಿಪಲ್ಯ



'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂದು ಹಿರಿಯರು ಹೇಳುತ್ತಾರೆ. ಆದರೆ ನಿದ್ದೆ ಕೆಡಿಸುವುದು ಚಿಂತೆಯೊಂದೇ ಅಲ್ಲ. ನಾವು ಉಣ್ಣುವ ಆಹಾರ, ಉಣ್ಣುವ ಹೊತ್ತು, ಉಂಡ ಮೇಲೆ ಹಾಕಿಕೊಳ್ಳುವ ಎಲೆ-ಅಡಿಕೆ ಕೂಡ ನಿದ್ದೆ ಕೆಡಿಸಬಲ್ಲವು. ಆದ್ದರಿಂದ ನಿದ್ದೆ ಗುಳಿಗೆ ಕೇಳುವ ಮುನ್ನ ನಿಮ್ಮ ಊಟದ ತಾಟನ್ನು ಒಮ್ಮೆ ನೋಡಿಕೊಳ್ಳಿರಿ.

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ತಾಸು ನಿದ್ರೆ ಬೇಕು. ಬಹುಕಾಲ ನಿದ್ರೆಗೆಟ್ಟರೆ ರಕ್ತದೊತ್ತಡ ಏರುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುವುದಿಲ್ಲ, ಮನಸ್ಸು ಕುಗ್ಗುತ್ತದೆ.

ಹಣ್ಣು, ಕಾಯಿಪಲ್ಯ ಹೇಗೆ ಸಹಾಯ ಮಾಡುತ್ತವೆ?

ಕತ್ತಲಾದಾಗ ನಮ್ಮ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಸ್ರವಿಸಿ ನಿದ್ರೆಗೆ ಸಿದ್ಧಪಡಿಸುತ್ತದೆ. ಇದು ಟ್ರಿಪ್ಟೋಫ್ಯಾನ್ ಎಂಬ ಅಂಶದಿಂದ ತಯಾರಾಗುತ್ತದೆ. ಹಾಲು, ಬೇಳೆ, ಶೇಂಗಾಗಳಲ್ಲಿ ಈ ಅಂಶ ಸಾಕಷ್ಟಿದೆ. ಸೊಪ್ಪುಗಳಲ್ಲಿರುವ ಮೆಗ್ನೀಸಿಯಂ ನರ ಹಾಗೂ ಸ್ನಾಯುಗಳ ಕೆಲಸಕ್ಕೆ ಅವಶ್ಯ. ನಾರಿನಂಶವು ಮಲಬದ್ಧತೆಯನ್ನು ತಡೆದು ಹೊಟ್ಟೆಯನ್ನು ಹಗುರವಾಗಿಡುತ್ತದೆ.

ಅಮೆರಿಕದ ಶಿಕಾಗೊ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 34 ಯುವಜನರ ಆಹಾರ, ನಿದ್ರೆಗಳನ್ನು ಪರಿಶೀಲಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಹಗಲಿನಲ್ಲಿ ಹೆಚ್ಚು ಹಣ್ಣು, ತರಕಾರಿ ತಿಂದವರಿಗೆ ಅದೇ ರಾತ್ರಿ ನಡುನಡುವೆ ಎಚ್ಚರವಾಗುವುದು ಕಡಿಮೆಯಿತ್ತು. ಇದು ಚಿಕ್ಕ ಅಧ್ಯಯನ. ಆದರೂ ಒಂದು ಮಾತು ಗಮನಿಸಿರಿ: ಮಲಗುವಾಗ ತಿಂದ ಒಂದು ಬಾಳೆಹಣ್ಣು ಗುಳಿಗೆಯಂತೆ ನಿದ್ದೆ ಬರಿಸುವುದಿಲ್ಲ. ದಿನವಿಡೀ ಉಂಡ ಊಟವೇ ರಾತ್ರಿಯ ನಿದ್ದೆಗೆ ಆಸರೆ.

ಎಷ್ಟು ತಿನ್ನಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ನೀಡಿದ ಸಲಹೆಯಂತೆ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು ಬೇಕು. ಇದಕ್ಕೆ ದೂರದ ದುಬಾರಿ ಹಣ್ಣು ಬೇಕಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಂತೆಗಳಲ್ಲಿ ಸಿಗುವುದೇ ಸಾಕು.

1. ಬೆಳಿಗ್ಗೆ ಅಥವಾ ಮಧ್ಯಾಹ್ನ ಒಂದು ಪೇರಲ, ಬಾಳೆ ಅಥವಾ ಪಪ್ಪಾಯಿ ಹೋಳು ತಿನ್ನಿರಿ. ಸುಗ್ಗಿಯಲ್ಲಿ ಹಾನಗಲ್ಲ ಸೀಮೆಯ ಮಾವಿನಹಣ್ಣೂ ಆದೀತು, ಮಿತಿಯಲ್ಲಿರಲಿ.
2. ಮಧ್ಯಾಹ್ನ ರೊಟ್ಟಿಯ ಜೊತೆ ಮೆಂತೆ, ಪಾಲಕ, ರಾಜಗಿರಿ ಅಥವಾ ಪುಂಡಿಪಲ್ಯ ಇರಲಿ. ಸವತೆಕಾಯಿ, ಗಜ್ಜರಿ, ಮೂಲಂಗಿ ಪಚಡಿ ಸೇರಿಸಿಕೊಳ್ಳಿರಿ.
3. ರಾತ್ರಿ ಊಟ ಹಗುರವಾಗಿರಲಿ. ಹೀರೇಕಾಯಿ, ಕುಂಬಳಕಾಯಿ ಪಲ್ಯ, ಬೇಳೆ ಸಾರು ಉತ್ತಮ. ಮಲಗುವ 2-3 ತಾಸು ಮುಂಚೆ ಉಂಡು ಮುಗಿಸಿರಿ.
4. ಸಂಜೆ ಮಿರ್ಚಿ, ಖಾರದ ತಿನಿಸು ಕಡಿಮೆ ಮಾಡಿರಿ. ಮಲಗಿದಾಗ ಎದೆಯುರಿ ಬರುವುದು ಹೆಚ್ಚಾಗಿ ಇವುಗಳಿಂದಲೇ.
5. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಅವುಗಳಲ್ಲಿನ ಕೆಫೀನ್ ಅರ್ಧ ಇಳಿಯಲು ಸುಮಾರು 5 ತಾಸು ಬೇಕು.

ಇನ್ನೊಂದು ಮಾತು. ಸವಣೂರಿನ ಎಲೆ ಹೆಸರುವಾಸಿ. ಆದರೆ ಎಲೆಯ ಜೊತೆ ಹಾಕುವ ಅಡಿಕೆ ಹಾಗೂ ತಂಬಾಕು ನರಗಳನ್ನು ಉದ್ದೀಪಿಸಿ ನಿದ್ದೆ ಓಡಿಸುತ್ತವೆ. ಬಾಯಿ ಕ್ಯಾನ್ಸರಿಗೂ ಕಾರಣವಾಗುತ್ತವೆ. ಸರಾಯಿ ಕುಡಿದರೆ ಬೇಗ ಮಂಪರು ಬಂದರೂ ನಡುರಾತ್ರಿ ಎಚ್ಚರವಾಗುತ್ತದೆ.

ಎಚ್ಚರಿಕೆ

ಸಕ್ಕರೆ ಕಾಯಿಲೆಯವರು ಮಾವು, ಬಾಳೆ, ಚಿಕ್ಕು ಹಣ್ಣುಗಳನ್ನು ವೈದ್ಯರು ಹೇಳಿದಷ್ಟೇ ತಿನ್ನಬೇಕು. ಹಣ್ಣಿನ ರಸ ಬೇಡ. ಮೂತ್ರಪಿಂಡದ ತೊಂದರೆಯುಳ್ಳವರು ಬಾಳೆಹಣ್ಣು, ಎಳನೀರು, ಸೊಪ್ಪುಗಳ ಬಗ್ಗೆ ಕೇಳಿಯೇ ಸೇವಿಸಬೇಕು. ಇವುಗಳಲ್ಲಿನ ಪೊಟ್ಯಾಸಿಯಂ ರಕ್ತದಲ್ಲಿ ಹೆಚ್ಚಾದರೆ ಹೃದಯಕ್ಕೆ ಅಪಾಯ.

ನೆರೆಹೊರೆಯವರ ನಿದ್ದೆ ಗುಳಿಗೆಯನ್ನು ಎಂದೂ ನುಂಗಬೇಡಿರಿ. ವಯಸ್ಸಾದವರು ಇಂತಹ ಗುಳಿಗೆಯ ಅಮಲಿನಲ್ಲಿ ರಾತ್ರಿ ಎದ್ದು ಜಾರಿಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದುಂಟು. ಈಗಾಗಲೇ ಬಹುದಿನಗಳಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡದೆ, ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಿರಿ.

ಊಟ ಸರಿಪಡಿಸಿಕೊಂಡ ಮೇಲೂ ವಾರಕ್ಕೆ 3 ರಾತ್ರಿಯಂತೆ ಒಂದು ತಿಂಗಳು ನಿದ್ದೆ ಬಾರದಿದ್ದರೆ ತಪಾಸಣೆಗೆ ಬನ್ನಿರಿ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು, ಮಲಗಿದರೆ ದಮ್ಮು ಕಟ್ಟುವುದು, ಬದುಕು ಬೇಡವೆನಿಸುವುದು ಕಂಡುಬಂದರೆ ತಡ ಮಾಡಬೇಡಿರಿ. ಅದಕ್ಕೆ ಬೇರೆ ಚಿಕಿತ್ಸೆಯಿದೆ. ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿರಿ. ನಿಮ್ಮ ರಾತ್ರಿಯ ಸ್ಥಿತಿಯನ್ನು ಅವರೇ ಸರಿಯಾಗಿ ಹೇಳಬಲ್ಲರು.