ಪೂರ್ವ ಏಷ್ಯದ ಇತಿಹಾಸ: ಅಂತರ್ಜಾಲದಲ್ಲಿ ಆಕರ ಹುಡುಕುವ ಬಗೆ

ಚೀನ, ಜಪಾನ್, ಕೊರಿಯಾ ಮೊದಲಾದ ದೇಶಗಳಿರುವ ಭಾಗಕ್ಕೆ ಪೂರ್ವ ಏಷ್ಯ ಎನ್ನುವರು. ಅಷ್ಟು ದೂರದ ದೇಶಗಳ ಇತಿಹಾಸ ನಮಗೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ನಮ್ಮ ನೆರೆಯ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಡಾ. ದ್ವಾರಕಾನಾಥ ಕೋಟಣೀಸರು 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಒಬ್ಬರಾಗಿ ಚೀನಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ಆದುದರಿಂದ ಈ ಇತಿಹಾಸವು ನಮಗೆ ಪರಕೀಯವಲ್ಲ.

ಅಂತರ್ಜಾಲದಲ್ಲಿ ಹುಡುಕುವಾಗ ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು, ಹೆಸರು. ನಾವು ಹ್ಯೂಯೆನ್ ತ್ಸಾಂಗ್ ಎಂದು ಓದಿದ ಯಾತ್ರಿಕನನ್ನು ಹಳೆಯ ಇಂಗ್ಲಿಷ್ ಗ್ರಂಥಗಳಲ್ಲಿ ಹಿಯುಎನ್ ತ್ಸಿಯಾಂಗ್, ಯುವಾನ್ ಚ್ವಾಂಗ್ ಎಂದೆಲ್ಲ ಬರೆದಿದ್ದಾರೆ. ಈಗಿನ ರೂಢಿಯಂತೆ ಆ ಹೆಸರು ಎಕ್ಸ್ ಅಕ್ಷರದಿಂದ ಆರಂಭವಾಗುತ್ತದೆ, ಉಚ್ಚಾರ ಷ್ವಾನ್‌ಜಾಂಗ್. ಪೀಕಿಂಗ್ ಎಂಬುದೇ ಇಂದಿನ ಬೀಜಿಂಗ್. ಒಂದು ಹೆಸರಿನಿಂದ ಸಿಗದುದು ಇನ್ನೊಂದರಿಂದ ಸಿಕ್ಕೀತು.

ಎರಡನೆಯದು, ಸ್ಥಳ. ಇಂಟರ್‌ನೆಟ್ ಆರ್ಕೈವ್ ಎಂಬ ಉಚಿತ ಗ್ರಂಥಭಂಡಾರದಲ್ಲಿ ಈ ಯಾತ್ರಿಕನ ಬರಹವನ್ನು ಸ್ಯಾಮ್ಯುಯೆಲ್ ಬೀಲ್ 1884ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ ಓದಬಹುದು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ‘ಏಷ್ಯಾ ಫಾರ್ ಎಜುಕೇಟರ್ಸ್’ ಶಾಲೆಗಳಿಗೆಂದೇ ನಕಾಶೆ, ಕಾಲರೇಖೆ, ಮೂಲ ಬರಹಗಳ ಭಾಗಗಳನ್ನು ಒದಗಿಸುತ್ತದೆ. ಹಳೆಯ ಸರಕಾರಿ ಕಾಗದಪತ್ರಗಳ ಛಾಯಾಪ್ರತಿಗಳನ್ನು ಜಪಾನಿನ ಏಷ್ಯನ್ ಐತಿಹಾಸಿಕ ದಾಖಲೆಗಳ ಕೇಂದ್ರವು 2001ರಿಂದ ಎಲ್ಲರಿಗೂ ತೆರೆದಿಟ್ಟಿದೆ. ಅವು ಜಪಾನಿ ಭಾಷೆಯಲ್ಲಿದ್ದರೂ ಇಂಗ್ಲಿಷಿನಲ್ಲಿ ಹುಡುಕುವ ಅನುಕೂಲವಿದೆ.

ಮೂರನೆಯದು, ಪರೀಕ್ಷೆ. ಇದೇ ಎಲ್ಲಕ್ಕಿಂತ ಮುಖ್ಯ. ಅಂತರ್ಜಾಲದಲ್ಲಿ ಯಾರೂ ಏನನ್ನೂ ಬರೆಯಬಹುದು. ಬಾದಾಮಿಯ ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿಯನ್ನು ಹರ್ಷವರ್ಧನನು ಗೆಲ್ಲಲಾಗಲಿಲ್ಲ ಎಂದು ಆ ಚೀನೀ ಯಾತ್ರಿಕ ಬರೆದಿದ್ದಾನೆ. ಒಬ್ಬನ ಮಾತನ್ನೇ ನಂಬುವುದು ಹೇಗೆ? ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿಯ ಕ್ರಿ.ಶ. 634ರ ಸಂಸ್ಕೃತ ಶಾಸನವಿದೆ. ಅದು ಕೂಡ ಹರ್ಷನ ಸೋಲನ್ನೇ ಹೇಳುತ್ತದೆ. ಅದನ್ನು ಬರೆದವನು ಪುಲಕೇಶಿಯ ಆಶ್ರಿತ ಕವಿ. ತನ್ನ ಅರಸನನ್ನು ಹೊಗಳುವುದು ಸಹಜ. ಆದರೆ ಹರ್ಷನಿಂದ ಗೌರವ ಪಡೆದ ಪರದೇಶದ ಯಾತ್ರಿಕನೂ ಅದನ್ನೇ ಹೇಳಿದಾಗ ಮಾತಿಗೆ ತೂಕ ಬರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿಗಳು ಕೂಡಿದಲ್ಲಿ ಇತಿಹಾಸ ಗಟ್ಟಿಯಾಗುತ್ತದೆ. ಹಾಗೆಯೇ ಕೋಟಣೀಸರನ್ನು ಕುರಿತು ವ್ಹಿ. ಶಾಂತಾರಾಮರು 1946ರಲ್ಲಿ ತೆಗೆದ ಚಲನಚಿತ್ರವನ್ನು ನೋಡಿ ಸಂತೋಷಪಡಬಹುದು. ಅದನ್ನೇ ದಾಖಲೆಯೆಂದು ಭಾವಿಸಬಾರದು.

ಓದಿದ್ದನ್ನು ಟಿಪ್ಪಣಿ ವಹಿಯಲ್ಲಿ ಬರೆಯಿರಿ: ಬರೆದವರು ಯಾರು, ಯಾವಾಗ, ಎಲ್ಲಿ ಓದಿದಿರಿ. ಪಾಲಕರು ಮಕ್ಕಳ ಕೈಗೆ ಮೊಬೈಲು ಕೊಟ್ಟಾಗ “ಇದನ್ನು ಯಾರು ಹೇಳಿದರು?” ಎಂದು ಒಮ್ಮೆ ಕೇಳಿದರೆ ಸಾಕು. ಆ ಪ್ರಶ್ನೆಯನ್ನು ರೂಢಿಸಿಕೊಂಡ ಮಗು ಇತಿಹಾಸದಲ್ಲಿ ಮಾತ್ರವಲ್ಲ, ಬಾಳಿನಲ್ಲಿಯೂ ಸುಲಭವಾಗಿ ಮೋಸಹೋಗದು.